ಗುಟುಕು ಮತ್ತು ಗುಟ್ಟು

ನಾನು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮಗಳ ಮನೆಯೆಂದು ಜರ್ಮನಿಗೆ ಹೋಗಿ ಮೂರು ತಿಂಗಳು ಇದ್ದು ಬಂದ ಮನುಷ್ಯ, ಅಲ್ಲಿನ ಸಂಗೀತವನ್ನು ಬಿಟ್ಟು, ತತ್ತ್ವಶಾಸ್ತ್ರವನ್ನು ಬಿಟ್ಟು, ಬೀರಿನ ವಿಷಯವಾಗಿ ಬರೆಯಲು ಕುಳಿತರೆ ಓದುವವರಿಗೆ ಬೇರೇನೋ ಅನುಮಾನ ಬಂದೀತು. ನನ್ನ ಗೆಳೆಯರಿಗಂತೂ ಬಂದೇ ಬಂದಿದೆ. “ರುಚಿ ಹೇಗಿತ್ತು ಸ್ವಾಮಿ?” ಎಂದು ಕಣ್ಣು ಮಿಟುಕಿಸುತ್ತಾರೆ. ರುಚಿ ನನಗೆ ಗೊತ್ತಿಲ್ಲ. ಕುಡಿಯುವವರ ಎದುರಿಗೆ ಕುಳಿತಿದ್ದೆ, ಅಷ್ಟೇ ನನ್ನ ಅನುಭವ. ಆದರೆ ನಾನು ಬೆಳೆದ ಮನೆಯನ್ನು ನೆನೆದರೆ ಅದೇನೂ ಸಣ್ಣ ಅನುಭವವಲ್ಲ.

ನಾವು ಮ್ಯೂನಿಕ್ ತಲುಪಿದ ಮೊದಲ ಭಾನುವಾರ ನನ್ನಾಕೆ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬುತ್ತಿದ್ದಳು. ಮರಗಳಿರುವ ಕಡೆ ಕುಳಿತು ಊಟಮಾಡೋಣವೆಂದು ಹಿಂದಿನ ರಾತ್ರಿಯೇ ಮಾತಾಗಿತ್ತು. ಹೊರಡುವ ಹೊತ್ತಿಗೆ ಅಳಿಯ, “ಮಾವ, ನಾವು ಹೋಗ್ತಿರೋದು ಬೀರ್‌ಗಾರ್ಟನ್‌ಗೆ” ಎಂದ. ನನ್ನಾಕೆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. “ಹೆಂಡದಂಗಡಿಗೆ ಚಿತ್ರಾನ್ನ ತಗೊಂಡು ಹೋಗೋದೆ? ಕೇಳಿದೋರು ಏನಂದಾರು!” ಮಗಳು ನಕ್ಕಳು. “ಅಮ್ಮ, ಇಲ್ಲಿ ತಗೊಂಡು ಹೋಗೋದೇ ಪದ್ಧತಿ. ರಾಜನ ಅಪ್ಪಣೆಯೇ ಆಗಿದೆ.”

ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ. ಆದರೆ ಮಾತು ನಿಜವಾಗಿತ್ತು. ಹದಿನಾರನೆಯ ಶತಮಾನದಿಂದ ಬವೇರಿಯಾದಲ್ಲಿ ಬೇಸಗೆಯಲ್ಲಿ ಬೀರು ಕುದಿಸುವುದಕ್ಕೆ ನಿಷೇಧವಿತ್ತು. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಒಲೆ ಹಚ್ಚುವಂತಿಲ್ಲ. ಬೆಂಕಿಯ ಭಯ ಒಂದು, ಸೆಕೆಯಲ್ಲಿ ಬೀರು ಕೆಡುವ ಭಯ ಇನ್ನೊಂದು. ಆದ್ದರಿಂದ ಚಳಿಗಾಲದಲ್ಲೇ ಬೇಸಗೆಗೂ ಸೇರಿಸಿ ತಯಾರಿಸಿ ನೆಲಮಾಳಿಗೆಗಳಲ್ಲಿ ತುಂಬಿಡುತ್ತಿದ್ದರು. ಮಾಳಿಗೆ ತಂಪಾಗಿರಲೆಂದು ಮೇಲೆ ಜಲ್ಲಿ ಹರಡಿ, ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಆ ಮರದ ಬೇರು ಆಳಕ್ಕಿಳಿದು ಕೆಳಗಿನ ಕಮಾನನ್ನು ಒಡೆಯುವುದಿಲ್ಲವಂತೆ. ನೆರಳಿದ್ದ ಮೇಲೆ ಜನ ಬಂದೇ ಬರುತ್ತಾರೆ. ಬೆಂಚು ಬಂತು, ಮೇಜು ಬಂತು, ಊಟವೂ ಬಂತು. ಊರಿನ ಹೋಟೆಲಿನವರು ತಮ್ಮ ವ್ಯಾಪಾರ ಹಾಳಾಯಿತೆಂದು ದೂರು ಕೊಟ್ಟರು. ದೊರೆ ಮೊದಲನೆಯ ಮ್ಯಾಕ್ಸಿಮಿಲಿಯನ್ ಯೋಸೆಫ್ 1812ರ ಜನವರಿ 4ರಂದು ಪಂಚಾಯಿತಿ ತೀರಿಸಿದ: ತೋಟದವರು ಬೇಸಗೆಯಲ್ಲಿ ಬೀರು ಮಾರಬಹುದು, ಜೊತೆಗೆ ಬ್ರೆಡ್ಡು ಕೊಡಬಹುದು, ಬೇರೆ ಊಟ ಕೊಡಕೂಡದು. ಹಸಿದವರು ಮನೆಯಿಂದ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ತೋಟಗಳಲ್ಲಿ ಈಗ ಊಟವನ್ನೂ ಮಾರುತ್ತಾರೆ. ಆದರೂ ಬುತ್ತಿಯ ಹಕ್ಕು ಉಳಿದುಕೊಂಡಿದೆ. 1999ರ ಬವೇರಿಯಾದ ಬೀರುತೋಟ ನಿಯಮಾವಳಿಯೂ ಅದನ್ನು ಈ ತೋಟಗಳ ಲಕ್ಷಣವೆಂದೇ ಒಪ್ಪಿದೆ. ಅದಕ್ಕೆ ನಾಲ್ಕು ವರ್ಷ ಮೊದಲು, 1995ರಲ್ಲಿ, ಒಂದು ತೋಟವನ್ನು ಬೇಗ ಮುಚ್ಚಬೇಕೆಂಬ ತೀರ್ಪು ಬಂದಾಗ ಸುಮಾರು 20,000 ಜನ ಮ್ಯೂನಿಕ್ಕಿನ ಬೀದಿಗಿಳಿದಿದ್ದರಂತೆ.

ಹೀಗೆ ನಮ್ಮ ಚಿತ್ರಾನ್ನ ರಾಜಾಜ್ಞೆಯ ರಕ್ಷಣೆಯಲ್ಲಿ ಹಿರ್ಷ್‌ಗಾರ್ಟನ್ ಪ್ರವೇಶಿಸಿತು. ಎಂಟು ಸಾವಿರ ಜನ ಕೂರಬಹುದಾದ ತೋಟ ಅದು. ಪಕ್ಕದಲ್ಲಿ ಬೇಲಿಯೊಳಗೆ ಜಿಂಕೆಗಳು. ಬೇಲಿಗೆ ಅಂಟಿಕೊಂಡು ಮಕ್ಕಳು. ಸಾಲು ಸಾಲು ಮರದ ಮೇಜು. ಬೀರಿನ ಕುಡಿಕೆಯನ್ನು ಗೂಡಿನಿಂದ ನಾವೇ ತೆಗೆದು, ನೀರಿನಲ್ಲಿ ನಾವೇ ಗಲಬರಿಸಿಕೊಂಡು ಹೋಗಿ ತುಂಬಿಸಿಕೊಳ್ಳಬೇಕು. ನನ್ನಾಕೆಗೆ ಆ ದೇಶದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿದ್ದು ಆಗಲೇ. “ಮಡಿ ಗೊತ್ತಿರೋ ಜನ” ಎಂದಳು.

ಕುಡಿಕೆಯ ಹೆಸರು ಮಾಸ್. ಒಂದು ಲೀಟರು ಹಿಡಿಯುತ್ತದೆ. ನಾವು ಹಾಲು ಕೊಳ್ಳುವ ಅಳತೆಯಲ್ಲಿ ಅವರು ಬೀರು ಕುಡಿಯುವುದನ್ನು ನೋಡಿ ಮೊದಲು ಎದೆ ಝಲ್ಲೆಂದಿತು. ಅಜ್ಜಂದಿರು, ಅಜ್ಜಿಯರು, ತೊಟ್ಟಿಲಗಾಡಿಯನ್ನು ಪಕ್ಕಕ್ಕಿಟ್ಟುಕೊಂಡ ತಾಯಂದಿರು, ಮೇಜಿನ ಕೆಳಗೆ ಮಲಗಿದ ನಾಯಿ. ಯಾರೂ ಗಂಟಲಿಗೆ ಸುರಿದುಕೊಳ್ಳುತ್ತಿರಲಿಲ್ಲ. ಒಂದು ಗುಟುಕು, ಹತ್ತು ಮಾತು. ಮೂಲಂಗಿಯನ್ನು ಸುರುಳಿಯಾಗಿ ಕೊಯ್ದು ಉಪ್ಪು ಸವರಿ ಇಟ್ಟುಕೊಂಡಿದ್ದರು. ಬುತ್ತಿಯ ಜೊತೆ ಮನೆಯಿಂದ ಮೇಜುಬಟ್ಟೆಯನ್ನೂ ತಂದಿದ್ದರು.

ಈ ಬೀರಿಗೆ ಒಂದು ಹಳೆಯ ಶಾಸನವೂ ಉಂಟು. 1516ರಲ್ಲಿ ಬವೇರಿಯಾದ ಇಬ್ಬರು ಡ್ಯೂಕರು ಇಂಗೋಲ್‌ಸ್ಟಾಟ್ ಎಂಬ ಊರಿನಲ್ಲಿ ಹೊರಡಿಸಿದ್ದು. ಬಾರ್ಲಿ, ಹಾಪ್ಸ್ ಬಳ್ಳಿಯ ಹೂ, ನೀರು—ಈ ಮೂರರ ಹೊರತು ಬೀರಿಗೆ ಏನನ್ನೂ ಹಾಕಕೂಡದು. ಬೆಲೆಯನ್ನೂ ಅದರಲ್ಲೇ ಕಟ್ಟಿದ್ದರು: ಚಳಿಗಾಲದಲ್ಲಿ ಒಂದು ಮಾಸ್‌ಗೆ ಒಂದು ಫೆನಿಂಗು ಮೀರಬಾರದು, ಬೇಸಗೆಯಲ್ಲಿ ಎರಡು. ಐನೂರು ವರ್ಷ ದಾಟಿದರೂ ಇವತ್ತಿಗೂ ಸೀಸೆಗಳ ಮೇಲೆ ಆ ಇಸವಿಯನ್ನು ಹೆಮ್ಮೆಯಿಂದ ಅಚ್ಚುಹಾಕುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಹಾಲು ಹಾಕುತ್ತಿದ್ದವನ ನೆನಪು ಬಂತು. ಆ ಶಾಸನವನ್ನು ಅವನಿಗೆ ಓದಿ ಹೇಳಿದ್ದರೆ, ನೀರಿಗೆ ಅನುಮತಿಯಿದೆ ಎಂಬ ಒಂದಂಶವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿದ್ದ.

ನಮ್ಮೆದುರಿಗೆ ಒಬ್ಬ ವೃದ್ಧರೂ ಅವರ ಹೆಂಡತಿಯೂ ಕುಳಿತಿದ್ದರು. ಆ ತೋಟಗಳಲ್ಲಿ ಅಪರಿಚಿತರ ಮೇಜಿಗೂ ಹೋಗಬಹುದು, “ಇಲ್ಲಿ ಜಾಗ ಇದೆಯೆ?” ಎಂದು ಕೇಳಿದರೆ ಸಾಕು, ಸರಿದು ಕೂರುತ್ತಾರೆ. ಆಕೆ ಚಿತ್ರಾನ್ನದ ಬಣ್ಣ ನೋಡಿ ಕಣ್ಣರಳಿಸಿದರು. ನನ್ನಾಕೆ ಎರಡು ಚಮಚ ಬಡಿಸಿದಳು. ಆಕೆ ಮೂಲಂಗಿ ಕೊಟ್ಟರು. ವೃದ್ಧರು ಕುಡಿಕೆ ಎತ್ತಿ “ಪ್ರೋಸ್ಟ್” ಎಂದರು. ನಾನು ಸೇಬಿನ ರಸಕ್ಕೆ ಸೋಡಾ ಬೆರೆಸಿದ ನನ್ನ ಲೋಟವನ್ನು ಎತ್ತಿ ತಗುಲಿಸಿ, ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಮತ್ತೆ ತಗುಲಿಸಿದರು. ಮಗಳು ಪಿಸುಗುಟ್ಟಿದಳು: “ಅಪ್ಪ, ಲೋಟ ತಗುಲಿಸುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಇಲ್ಲದಿದ್ದರೆ ಮರ್ಯಾದೆಯಲ್ಲ.”

ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು! ನನಗೆ ಥಟ್ಟನೆ ಚಿಕ್ಕಪ್ಪನ ನೆನಪಾಯಿತು.

ನಮ್ಮ ಮನೆಯಲ್ಲಿ ಆ ವಸ್ತುವಿನ ಹೆಸರು ಹೇಳುತ್ತಿರಲಿಲ್ಲ. “ಅದು” ಎನ್ನುತ್ತಿದ್ದರು. ಚಿಕ್ಕಪ್ಪ “ಅದನ್ನು” ಮುಗಿಸಿಕೊಂಡು ರಾತ್ರಿ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಬಾಯಲ್ಲಿ ಲವಂಗ, ಎಲೆ ಅಡಿಕೆ. ಕಣ್ಣು ನೆಲದ ಮೇಲೆ. ಅಪ್ಪ ಅವನನ್ನು ಪಂಕ್ತಿಗೆ ಸೇರಿಸುತ್ತಿರಲಿಲ್ಲ. ಅವನ ತಟ್ಟೆಯನ್ನು ಹಿತ್ತಲ ಜಗಲಿಗೆ ಒಯ್ದು ಇಡುವ ಕೆಲಸ ನನ್ನದು. ಒಂದು ರಾತ್ರಿ ಅವನು, “ಮಗು, ನೀನೂ ಇಲ್ಲೇ ಕೂತ್ಕೊಂಡು ಉಣ್ಣೋ” ಎಂದ. ನಾನು ಓಡಿ ಒಳಗೆ ಬಂದೆ. ನನಗೆ ಆಗ ಒಂಬತ್ತು ವರ್ಷ. ಚಿಕ್ಕಮ್ಮ ಮಗುವನ್ನು ಕರೆದುಕೊಂಡು ತವರಿಗೆ ಹೋದವರು ಮತ್ತೆ ಬರಲಿಲ್ಲ. ನಾಲ್ಕು ವರ್ಷಕ್ಕೆ ಚಿಕ್ಕಪ್ಪನೂ ಹೋದ. ಅವನಿಗೆ ಏನು ಕಾಯಿಲೆಯಾಗಿತ್ತೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಬೇಸಗೆಯಲ್ಲಿ ಪ್ರತಿ ಭಾನುವಾರವೂ ನಾವು ಅದೇ ಮೇಜಿಗೆ ಹೋದೆವು. ಆ ವೃದ್ಧ ದಂಪತಿಗಳ ಗೆಳೆಯರು ಮೂರು ನಾಲ್ಕು ಜನ ತಪ್ಪದೆ ಅಲ್ಲಿಗೆ ಬಂದು ಇಸ್ಪೀಟು ಆಡುತ್ತಿದ್ದರು. ಇಂಥ ಕಾಯಂ ಮೇಜಿಗೂ ಅದರ ಬಳಗಕ್ಕೂ ಜರ್ಮನರು ಶ್ಟಾಮ್‌ಟಿಶ್ ಎನ್ನುತ್ತಾರೆ. ನಮ್ಮ ಅರಳಿಕಟ್ಟೆಗೆ ಅದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ನೋಡುತ್ತ ನೋಡುತ್ತ ನನ್ನೊಳಗೆ ಒಂದು ಸಿದ್ಧಾಂತ ಬೆಳೆಯಿತು: ಹಗಲು ಬೆಳಕಿನಲ್ಲಿ, ಹೆಂಡತಿ ಮಕ್ಕಳ ನಡುವೆ ಕುಡಿಯುವವನು ಕೆಡುವುದಿಲ್ಲ; ಕತ್ತಲೆಯಲ್ಲಿ ಕುಡಿಯುವವನೇ ಕೆಡುವುದು.

ಆಗಸ್ಟಿನಲ್ಲಿ ಕಲೋನಿಗೆ ಹೋದಾಗ ಈ ಸಿದ್ಧಾಂತಕ್ಕೆ ಇನ್ನಷ್ಟು ಪುಷ್ಟಿ ದೊರೆಯಿತು. ಅಲ್ಲಿ ಲೀಟರಿನ ಕುಡಿಕೆಯಿಲ್ಲ. ಕ್ಯೋಲ್ಶ್ ಎಂಬ ತಮ್ಮೂರಿನ ಬೀರನ್ನು 200 ಮಿಲಿಲೀಟರಿನ ನೀಳ ಗಾಜಿನಲ್ಲಿ ಕೊಡುತ್ತಾರೆ. ಬಡಿಸುವವನಿಗೆ ಕ್ಯೋಬೆಸ್ ಎಂದು ಹೆಸರು. ಗ್ಲಾಸು ಬರಿದಾದರೆ ಕೇಳದೆಯೇ ಇನ್ನೊಂದು ಇಟ್ಟು, ಗ್ಲಾಸಿನ ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಾನೆ. ಎಷ್ಟು ಕುಡಿದರೆಂಬುದು ಎಲ್ಲರ ಕಣ್ಣೆದುರಿಗೆ ಬಿದ್ದಿರುತ್ತದೆ. ಸಾಕಾದರೆ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ನಮ್ಮ ಮದುವೆಯೂಟದಲ್ಲಿ ಹೋಳಿಗೆಯವನು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಒಂದು ವ್ಯತ್ಯಾಸ: ಕ್ಯೋಬೆಸ್ ಬಿಲ್ಲೆ ಕಂಡೊಡನೆ ನಿಲ್ಲಿಸುತ್ತಾನೆ, ನಮ್ಮವರು ಬೆರಳ ಸಂದಿನಲ್ಲೇ ಹೋಳಿಗೆ ತೂರಿಸುತ್ತಾರೆ.

ಸೆಪ್ಟೆಂಬರಿನಲ್ಲಿ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿತ್ತು. ಆಕ್ಟೋಬರ್‌ಫೆಸ್ಟ್ ಹೆಸರಿಗೆ ಅಕ್ಟೋಬರಿನದಾದರೂ ಶುರುವಾಗುವುದು ಸೆಪ್ಟೆಂಬರಿನಲ್ಲೇ. 1810ರಲ್ಲಿ ಯುವರಾಜ ಲುಡ್ವಿಗ್ ತೆರೇಸೆಯನ್ನು ಮದುವೆಯಾದಾಗ ಏರ್ಪಡಿಸಿದ ಕುದುರೆ ಓಟವೇ ಆ ಜಾತ್ರೆಯ ಮೂಲ. 2023ರಲ್ಲಿ 72 ಲಕ್ಷ ಜನ ಸೇರಿದ್ದರಂತೆ. ನಾವು ಹೋದ ದಿನವೂ ಜನಸಾಗರ. ಡೇರೆಯೊಳಗೆ ಬ್ಯಾಂಡು, ಹಾಡು, ಬೆಂಚಿನ ಮೇಲೆ ನಿಂತ ಸಾವಿರಾರು ಜನ. ಡೇರೆಯ ಹಿಂದೆ ಹುಲ್ಲಿನ ಇಳಿಜಾರು. ಅದರ ಮೇಲೆ ಹಾಡಹಗಲಲ್ಲೇ, ಹೆಣಗಳಂತೆ ಬಿದ್ದಿದ್ದ ಹುಡುಗರು. ಹಳದಿ ಬಟ್ಟೆ ಮುಚ್ಚಿದ ತಳ್ಳುಮಂಚದಲ್ಲಿ ಯಾರನ್ನೋ ಸಾಗಿಸುತ್ತಿದ್ದರು. ಬೆಳಕು ಸಾಕಷ್ಟಿತ್ತು, ಬೆಳಕು ಯಾರನ್ನೂ ಕಾಯಲಿಲ್ಲ.

ಆ ಊರಿನ ಮೇಜುಗಳು ಇನ್ನೂ ಏನೇನನ್ನೋ ಕಂಡಿವೆ. 1589ರಲ್ಲಿ ಸ್ಥಾಪನೆಯಾದ ಹೋಫ್‌ಬ್ರಾಯ್‌ಹೌಸಿನ ಮಹಡಿಯ ಸಭಾಂಗಣದಲ್ಲೇ ಹಿಟ್ಲರ್ 1920ರ ಫೆಬ್ರವರಿ 24ರಂದು ತನ್ನ ಪಕ್ಷದ ಕಾರ್ಯಕ್ರಮವನ್ನು ಓದಿದ್ದು. 1923ರ ನವೆಂಬರಿನಲ್ಲಿ ಅವನು ದಂಗೆ ಎಬ್ಬಿಸಲು ಹೊರಟದ್ದೂ ಬ್ಯೂರ್ಗರ್‌ಬ್ರಾಯ್‌ಕೆಲ್ಲರ್ ಎಂಬ ಇನ್ನೊಂದು ಬೀರುಶಾಲೆಯಿಂದ. ನೆರೆಯವರನ್ನು ಸರಿದು ಕೂರಿಸಿಕೊಳ್ಳುವ ಬೆಂಚೇ ನೆರೆಯವರನ್ನು ಹೊರಗಟ್ಟುವ ಮಾತಿಗೂ ಮೇಜು ಗುದ್ದಿ ಮೆಚ್ಚಿತು.

ಎರಡನೆಯ ಪೆಟ್ಟು ಕೊಟ್ಟವರು ನಮ್ಮ ವೃದ್ಧ ಮಿತ್ರರೇ. ನಾವು ಹೊರಡುವುದಕ್ಕೆ ಒಂದು ವಾರ ಮುಂಚೆ, ಮಗಳ ಬಾಯಿಂದ ಅವರಿಗೆ ನನ್ನ ಸಿದ್ಧಾಂತವನ್ನು ಹೇಳಿಸಿದೆ. ಚಿಕ್ಕಪ್ಪನ ಕಥೆಯನ್ನೂ ಹೇಳಿಸಿದೆ. ಮಗಳಿಗೂ ಅದು ಅದುವರೆಗೆ ಗೊತ್ತಿರಲಿಲ್ಲ. ಜರ್ಮನ್ ಭಾಷೆಗೆ ತಿರುಗಿಸುತ್ತ ತಿರುಗಿಸುತ್ತ ನಡುನಡುವೆ ನಿಂತು ನನ್ನ ಮುಖ ನೋಡುತ್ತಿದ್ದಳು. ವೃದ್ಧರು ಮಾತಾಡದೆ ತಮ್ಮ ಕುಡಿಕೆಯನ್ನು ನನ್ನ ಕಡೆ ತಳ್ಳಿದರು. ಮೂಸಿ ನೋಡಿದೆ. ಸೇಬಿನ ರಸ! ಮೂರು ತಿಂಗಳಿಂದ ನಾನು ಬೀರೆಂದು ತಿಳಿದಿದ್ದದ್ದು ಸೇಬಿನ ರಸ.

“ಹನ್ನೊಂದು ವರ್ಷವಾಯಿತು ಬಿಟ್ಟು” ಎಂದರು. “ನಾನು ಕುಡಿಯುವುದನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಅದಕ್ಕೇ ಅದು ಯಾರಿಗೂ ಕಾಣಲಿಲ್ಲ. ಎಲ್ಲರ ಮುಂದೆಯೂ ಒಂದು ಕುಡಿಕೆ. ನನ್ನದು ಎಷ್ಟನೆಯದೆಂದು ಎಣಿಸುವವರಾರು?” ಬೆಳಿಗ್ಗೆ ಎದ್ದೊಡನೆ ಬೇಕಾಗತೊಡಗಿತು, ಕೆಲಸ ಹೋಯಿತು, ಕೊನೆಗೆ ತಿಂಗಳುಗಟ್ಟಲೆ ಆಸ್ಪತ್ರೆ. ಮತ್ತೆ ಆ ಮೇಜಿಗೆ ಹೋಗಬೇಡವೆಂದು ವೈದ್ಯರು ಹೇಳಿದ್ದರಂತೆ. “ಅವರು ಹೇಳಿದ್ದು ಸರಿ. ಎಲ್ಲರಿಗೂ ಇದು ಒಗ್ಗುವ ಮಾತಲ್ಲ. ಆದರೆ ನನಗೆ ಬೇರೆ ಗೆಳೆಯರಿರಲಿಲ್ಲ. ಹೆದರುತ್ತಲೇ ಬಂದೆ. ಇವನು”—ಎದುರಿಗಿದ್ದ ದಪ್ಪ ಮೀಸೆಯವರನ್ನು ತೋರಿಸಿ—“ಒಂದು ಮಾತೂ ಆಡದೆ ಸೇಬಿನ ರಸ ತಂದು ನನ್ನ ಮುಂದಿಟ್ಟು, ಎಲೆ ಹಂಚಿದ. ನನ್ನ ಜಾಗದಲ್ಲಿ ಅಷ್ಟು ತಿಂಗಳೂ ಯಾರನ್ನೂ ಕೂರಿಸಿರಲಿಲ್ಲ.”

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರ ಊರಿನಲ್ಲಿ ಎಲ್ಲರೂ ನೋಡುತ್ತಿದ್ದರು, ಯಾರಿಗೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಕಂಡಿತ್ತು, ಯಾರೂ ನೋಡಲಿಲ್ಲ. ಅಪ್ಪನನ್ನು ದೂರಲಾರೆ; ಕುಡಿತ ಮನೆ ಮುರಿಯುವುದನ್ನು ಅವರು ಕಂಡಿದ್ದರು. ಜರ್ಮನರೂ ಈಗ ಅದನ್ನು ಬಲ್ಲರು. 1970ರ ದಶಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 150 ಲೀಟರ್ ಬೀರು ಮುಗಿಸುತ್ತಿದ್ದ ಆ ಜನ 2023ರ ಹೊತ್ತಿಗೆ 90ಕ್ಕಿಂತ ಕೆಳಗೆ ಇಳಿದಿದ್ದಾರೆ. ಮದ್ಯಸಾರ ತೆಗೆದ ಬೀರಿಗೆ ಗಿರಾಕಿಗಳು ಹೆಚ್ಚುತ್ತಿದ್ದಾರೆ. ಆದ್ದರಿಂದ ಬೀರುತೋಟ ನಮಗೂ ಬೇಕೆಂದು ನಾನು ಹೇಳಹೊರಟಿಲ್ಲ. ಆ ಖಾಲಿ ಬಿಟ್ಟ ಜಾಗದ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಪಂಕ್ತಿ ಎಷ್ಟೆಷ್ಟು ಜನರನ್ನು ಹೊರಗಿಟ್ಟಿತ್ತೆಂಬುದು ದೊಡ್ಡ ಕಥೆ. ಒಡಹುಟ್ಟಿದವನನ್ನೂ ಅದು ಜಗಲಿಗೆ ಕಳಿಸಿತು. ತಟ್ಟೆ ಹೊತ್ತವನು ನಾನು.

ಕಲೋನಿನ ರಟ್ಟಿನ ಬಿಲ್ಲೆಯೊಂದು ಈಗ ನನ್ನ ಮೇಜಿನ ಮೇಲಿದೆ. ನಾನು ಮೂರನೆಯ ಲೋಟ ಕಾಫಿ ಕೇಳಿದರೆ ನನ್ನಾಕೆ ಅದನ್ನು ಲೋಟದ ಮೇಲೆ ಮುಚ್ಚಿ ಹೋಗುತ್ತಾಳೆ.

ಚಿಕ್ಕಪ್ಪನ ಮಗ ಮೈಸೂರಿನಲ್ಲಿದ್ದಾನೆ. ಅವನು ಕುಡಿಯುವುದಿಲ್ಲ, ನಮ್ಮ ಮನೆಗೆ ಬರುವುದೂ ಇಲ್ಲ. ಊರಿಗೆ ಬಂದ ವಾರದಲ್ಲೇ ಅವನಿಗೆ ಫೋನು ಮಾಡಿದೆ. ಬರುವ ತಿಂಗಳು ಅಪ್ಪನ ತಿಥಿ, ನೀನು ಬಾ, ನನ್ನ ಪಕ್ಕದ ಎಲೆ ನಿನ್ನದು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಎಲೆಯನ್ನಂತೂ ಹಾಕಿಸುತ್ತೇನೆ.