ಆಮ್ರಪಾಲಿ: ಕೈಗೆಟುಕುವ ಮರದ ಹೊಣೆ

ಅಜ್ಜ ನೆಟ್ಟ ಮಾವಿನ ಫಲವನ್ನು ಮೊಮ್ಮಗ ಉಣ್ಣುವನೆಂಬುದು ಕನ್ನಡ ನಾಡಿನ ಹಳ್ಳಿಗಳ ಹಳೆಯ ತಿಳಿವಳಿಕೆ. ಗೊರಟಿನಿಂದ ಹುಟ್ಟಿದ ಮಾವು ಫಲಕ್ಕೆ ಬರಲು ಹಲವು ವರ್ಷ ಕಾಯಬೇಕು. ಬಂದ ಮೇಲೆ ಅದು ನೂರು ವರ್ಷ ನಿಲ್ಲುವುದೂ ಉಂಟು. ನೆಟ್ಟವನ ಆಯುಷ್ಯವನ್ನು ಮೀರುವ ಮರದ ಮೇಲೆ ಒಡೆತನವೆಂಬುದು ಹೆಸರಿಗಷ್ಟೆ. ಉದುರಿದ ಹಣ್ಣು ದಾರಿಹೋಕನದು, ತುದಿಗೊಂಬೆಯದು ಗಿಳಿಯದು, ಇರುಳಿನ ಪಾಲು ಬಾವಲಿಯದು.

30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದವರಿಗೆ ಅಂತಹ ಮರವನ್ನು ಬೆಳೆಸಲು ನೆಲವಿಲ್ಲ. ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಮಣ್ಣಿಗೆ ಒಪ್ಪುವುದು ಆಮ್ರಪಾಲಿಯಂತಹ ಗಿಡ್ಡ ತಳಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ದಶೇರಿ ಮತ್ತು ನೀಲಂ ತಳಿಗಳ ಸಂಕರದಿಂದ ಪಡೆದ ಮಾವಿದು. ದಶೇರಿ ಒಂದು ವರ್ಷ ಚೆನ್ನಾಗಿ ಫಲ ಕೊಟ್ಟು ಮರುವರ್ಷ ಹಿಂದೆಗೆಯುವಂಥದು. ನೀಲಂ ಪ್ರತಿವರ್ಷವೂ ಕಾಯಿ ಬಿಡುವಂಥದು. ಆಮ್ರಪಾಲಿಗೆ ಬಂದದ್ದು ನೀಲಂನ ಈ ಗುಣ. ಮರದಿಂದ ಮರಕ್ಕೆ 10 ಮೀಟರ್ ಬಿಡುವ ಹಳೆಯ ತೋಪಿನಲ್ಲಿ ಹೆಕ್ಟೇರಿಗೆ 100 ಮರಗಳು, 2.5 ಮೀಟರ್ ಅಂತರದಲ್ಲಿ ನೆಡುವ ಆಮ್ರಪಾಲಿಯಾದರೆ 1600.

ಕುಬ್ಜತೆ ಎಲ್ಲ ಮರಗಳಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಸೇಬಿನಲ್ಲಿ ಅದು ಬಹುಮಟ್ಟಿಗೆ ಬೇರಿನ ಗುಣ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್‌ನಿಂದ ಪ್ರಸಿದ್ಧವಾದ ಎಂ.9 ಬೇರುಗಿಡದ ಮೇಲೆ ಕಸಿ ಕಟ್ಟಿದ ಸೇಬು ಗಿಡ್ಡವಾಗಿಯೇ ಉಳಿಯುತ್ತದೆ. ಕಸಿಯ ಗಂಟು ಮಣ್ಣಿನಲ್ಲಿ ಹೂತುಹೋದರೆ ಮೇಲಿನ ಕಾಂಡವೇ ಬೇರು ಬಿಟ್ಟು, ಮರ ಮತ್ತೆ ಎತ್ತರಕ್ಕೆ ಹೊರಡುತ್ತದೆ. ಆಮ್ರಪಾಲಿಗೆ ಗಿಡ್ಡತನ ಹುಟ್ಟಿನಿಂದಲೇ ಬಂದದ್ದು. ಆದರೂ ಅದಕ್ಕೆ ಮನುಷ್ಯನ ಕೈ ಬೇಕು. ಎಳೆಯ ಗಿಡದ ಮೊದಲ ವರ್ಷಗಳ ಹೂವನ್ನು ಚಿವುಟಬೇಕು. ಕೊಯ್ಲು ಮುಗಿದೊಡನೆ ಕೊಂಬೆ ಸವರಬೇಕು. ಕಸಿಗಂಟಿನ ಕೆಳಗೆ ಹೊರಡುವ ನಾಟಿ ಮಾವಿನ ಚಿಗುರನ್ನು ತೆಗೆಯುತ್ತಲೇ ಇರಬೇಕು.

ಈ ತಳಿಯ ಹೆಸರು ವಿಚಾರಾರ್ಹವಾದುದು. ಪಾಲಿ ಸಾಹಿತ್ಯದ ಅಂಬಪಾಲಿ ವೈಶಾಲಿಯ ಗಣಿಕೆ. ಮಾವಿನ ಮರದಡಿಯಲ್ಲಿ ದೊರೆತ ಶಿಶುವಾದುದರಿಂದ ಆಕೆಗೆ ಆ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಬುದ್ಧನನ್ನು ಊಟಕ್ಕೆ ಕರೆದ ಆಕೆ, ಆ ಅವಕಾಶವನ್ನು ಹಣಕ್ಕೆ ಬಿಟ್ಟುಕೊಡೆಂದು ಲಿಚ್ಛವಿಗಳು ಕೇಳಿದಾಗ ಒಪ್ಪಲಿಲ್ಲ. ಬಳಿಕ ತನ್ನ ಮಾವಿನ ತೋಪನ್ನೇ ಸಂಘಕ್ಕೆ ದಾನವಿತ್ತಳು. ಥೇರೀಗಾಥೆಯಲ್ಲಿ ಆಕೆಯ ಹೆಸರಿನ ಗಾಥೆಗಳಿವೆ. ಅಲ್ಲಿ ಅವಳು ತನ್ನ ಒಂದೊಂದು ಅಂಗದ ಯೌವನವನ್ನೂ ಮುಪ್ಪನ್ನೂ ಎದುರುಬದುರಾಗಿ ಇಟ್ಟು ನೋಡುತ್ತಾಳೆ. ತೋಪು ಕೊಟ್ಟವಳ ಹೆಸರು ಇಂದು ತೋಪಿಲ್ಲದವರ ಅಂಗಳದ ಒಂಟಿ ಮರಕ್ಕೆ ಬಂದಿದೆ.

ಈ ಮರದಿಂದ ದೊರೆಯುವ ಲಾಭ ಸಣ್ಣದಲ್ಲ. ಅರವತ್ತು ದಾಟಿದವರು ನೆಟ್ಟರೂ ಕೆಲವೇ ವರ್ಷಗಳಲ್ಲಿ, ಏಣಿಯ ಹಂಗಿಲ್ಲದೆ, ತಮ್ಮ ಕೈಯಿಂದಲೇ ಹಣ್ಣು ಕೀಳಬಹುದು. ಮುಪ್ಪಿಗೆ ಫಲದ ಆಸೆಯನ್ನು ಮರಳಿ ಕೊಡುವುದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಎತ್ತರದ ಮರದಲ್ಲಿ ಕೊಡುವುದು ಮರದ ಸ್ವಭಾವವಾಗಿತ್ತು. ಒಡೆಯ ಜಿಪುಣನಾದರೂ ತುದಿಯ ಹಣ್ಣು ಅವನ ಕೈಗೆ ಸಿಗುತ್ತಿರಲಿಲ್ಲ. ಕೈಗೆಟುಕುವ ಮರದಲ್ಲಿ ಪ್ರತಿಯೊಂದು ಹಣ್ಣಿಗೂ ಲೆಕ್ಕವಿದೆ. ಬಲೆ ಹೊದಿಸಿದರೆ ಗಿಳಿಗೆ ಪಾಲಿಲ್ಲ, ಗೇಟು ಮುಚ್ಚಿದರೆ ದಾರಿಹೋಕನಿಗೆ ಪಾಲಿಲ್ಲ. ಮರ ಗಿಡ್ಡವಾದಾಗ ದಾನದ ಹೊಣೆ ಮರದಿಂದ ಮನುಷ್ಯನಿಗೆ ಇಳಿಯುತ್ತದೆ. ಒಂದು ಕೊಂಬೆಯನ್ನು ಬಲೆಯ ಹೊರಗೆ ಬಿಡುವುದು, ನಾಲ್ಕು ಹಣ್ಣು ನೆರೆಮನೆಗೆ ಕಳುಹಿಸುವುದು ಈಗ ಅವನೇ ನೆನಪಿಟ್ಟು ಮಾಡಬೇಕಾದ ಕೆಲಸ.