ದೀಪ ಶಾಂತವಾದ ಮೇಲೆ

ಕಳೆದ ಡಿಸೆಂಬರಿನಲ್ಲಿ ನನ್ನ ಪಾಲಿಗೆ ಒಂದು ಲಾರಿಯ ಕೈಪಿಡಿ ಬಂತು. ಇಂಗ್ಲಿಷಿನಿಂದ ಕನ್ನಡಕ್ಕೆ, ಇನ್ನೂರಕ್ಕೂ ಹೆಚ್ಚು ಪುಟ, ಪದಕ್ಕಿಷ್ಟು ಅಂತ ದರ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಪುಣೆಯಲ್ಲಿ ನನ್ನ ಬಾಡಿಗೆ ಕಟ್ಟುವುದು ಇಂಥ ಕೆಲಸಗಳೇ. ಕಥೆ ಕಾದಂಬರಿಗಳ ಅನುವಾದ ಚಹಾದ ಖರ್ಚಿಗೆ ಆದರೆ ಹೆಚ್ಚು. ಕ್ಲಚ್ಚಿಗೆ ಕ್ಲಚ್ಚು, ಗೇರಿಗೆ ಗೇರು ಅಂತ ಬರೆದುಕೊಂಡು ಸಲೀಸಾಗಿ ಸಾಗುತ್ತಿದ್ದವಳು ಒಂದು ಅಧ್ಯಾಯದ ಹತ್ತಿರ ನಿಂತೆ: ‘ಅತಿ ಚಳಿಯಲ್ಲಿ ಎಂಜಿನ್ ಚಾಲೂ ಮಾಡುವುದು’.

ಮೊದಲು ನಗು ಬಂತು. ಬೀದರಿನಲ್ಲಿ ಆರು ಡಿಗ್ರಿಗೆ ಇಳಿದರೆ ಮಂಕಿ ಟೋಪಿ ಹಾಕಿದವರ ಫೋಟೋ ಪೇಪರಿನಲ್ಲಿ ಬರುವ ನಾಡು ನಮ್ಮದು. ಕನ್ನಡ ಓದುವ ಡ್ರೈವರಿಗೆ ಮೈನಸ್ ಇಪ್ಪತ್ತರ ಪಾಠ ಯಾಕೆ? ಆಮೇಲೆ ನೆನಪಾಯಿತು, ಅಂಥ ಒಬ್ಬ ಡ್ರೈವರ್ ನಮ್ಮ ಮನೆಯಲ್ಲೇ ಇದ್ದಾನೆ. ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಯಿಂದ ಸೇನೆಗೆ ಸೇರಿ, ಕಾರ್ಗಿಲ್, ದ್ರಾಸ್, ಲೇಹ್ ಅಂತ ವರ್ಷಗಟ್ಟಲೆ ಟ್ರಕ್ ಓಡಿಸಿದವನು ನನ್ನ ಅಪ್ಪ. ನಾನು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದ್ದು ಅವನ ಪಿಂಚಣಿಯಲ್ಲಿ. ಆದರೆ ಆ ಟ್ರಕ್ಕುಗಳ ಬಗ್ಗೆ ಅವನನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಅವನೂ ಹೇಳುವವನಲ್ಲ.

ಫೋನ್ ಮಾಡಿದೆ. ‘ಅಪ್ಪಾ, ಚಳಿಗೆ ಡೀಸೆಲ್ ಏನಾಗತೈತಿ? ಹೆಪ್ಪುಗಟ್ಟತೈತಿ ಅನ್ನೋದೋ, ಮಂಜುಗಡ್ಡೆ ಆಗತೈತಿ ಅನ್ನೋದೋ?’

‘ಮಂಜುಗಡ್ಡಿ ಎಲ್ಲೀದವಾ? ಹೆರೀತೈತಿ. ಥಂಡಿ ದಿನದಾಗ ತುಪ್ಪ ಹೆರಿಯಂಗಿಲ್ಲೇನು, ಹಂಗ.’

ನಾನು ಮೂರು ನಿಘಂಟು ತೆರೆದಿಟ್ಟುಕೊಂಡು ಕೂತಿದ್ದೆ. ಅಪ್ಪನ ಒಂದು ಕ್ರಿಯಾಪದ ಅಷ್ಟನ್ನೂ ಮುಚ್ಚಿಸಿತು. ಡೀಸೆಲಿನಲ್ಲಿ ಆಗುವುದೂ ಅದೇ. ಅದರಲ್ಲಿ ಸಹಜವಾಗಿಯೇ ಮೇಣ ಕರಗಿರುತ್ತದೆ. ಚಳಿ ಏರಿದಂತೆ ಮೊದಲು ಡೀಸೆಲ್ ಮಬ್ಬಾಗುತ್ತದೆ, ಆಮೇಲೆ ಮೇಣ ಸಣ್ಣ ಸಣ್ಣ ಹರಳಾಗಿ ಫಿಲ್ಟರಿನ ಕಣ್ಣುಗಳನ್ನು ಮುಚ್ಚುತ್ತದೆ. ಟ್ಯಾಂಕ್ ತುಂಬಾ ಡೀಸೆಲ್ ಇದ್ದೂ ಎಂಜಿನ್ ಉಪವಾಸ. ಲಡಾಖಿಗೆಂದೇ ಇಂಡಿಯನ್ ಆಯಿಲ್ ಕಂಪನಿ ಪಾಣಿಪತ್ ರಿಫೈನರಿಯಿಂದ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಮಾರುಕಟ್ಟೆಗೆ ಬಿಟ್ಟದ್ದು 2019ರ ನವೆಂಬರಿನಲ್ಲಿ. ಅಪ್ಪ ಅಷ್ಟು ಹೊತ್ತಿಗೆ ಊರಿಗೆ ಬಂದು ಕಬ್ಬು ಹಚ್ಚುತ್ತಿದ್ದ. ತಮ್ಮ ಕಾಲಕ್ಕೆ ಡೀಸೆಲಿಗೆ ಚಿಮಣಿ ಎಣ್ಣೆ ಬೆರೆಸುತ್ತಿದ್ದೆವು ಎಂದ. ಅದು ಮೇಣ ಕಟ್ಟುವುದನ್ನು ಮುಂದೂಡುತ್ತದೆ, ನಿಜ. ಆದರೆ ಜಿಡ್ಡು ಕಡಿಮೆ, ಪಂಪಿನ ಆಯುಸ್ಸು ತಿನ್ನುತ್ತದೆ. ನನ್ನ ಕೈಪಿಡಿ ಬೆರೆಸಲೇಬಾರದು ಎನ್ನುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಈ ಕೆಲಸದಲ್ಲೇ. ಅಪ್ಪ ಡ್ರೈವರಾಗಿದ್ದೂ! ಗಾಳಿಯನ್ನು ಸುಮಾರು ಹದಿನೇಳನೇ ಒಂದು ಭಾಗಕ್ಕೆ ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದೂ ಇದೇ ಕಾರಣಕ್ಕೆ. ದ್ರಾಸಿನ ಜನವರಿಯಲ್ಲಿ ಒಳಗೆ ಬರುವ ಗಾಳಿಯೇ ಕೊರೆಯುತ್ತಿರುತ್ತದೆ. ಹುಟ್ಟಿದ ಬಿಸಿಯನ್ನು ತಣ್ಣಗಿನ ಕಬ್ಬಿಣ ಹೀರಿಕೊಳ್ಳುತ್ತದೆ. ಎಂಜಿನ್ ಆಯಿಲ್ ಕಾಕಂಬಿಯಂತಾಗಿ ತಿರುಗಿಸುವುದೇ ಭಾರ. ಆ ಭಾರ ತಿರುಗಿಸಬೇಕಾದ ಬ್ಯಾಟರಿ ಮೈನಸ್ ಹದಿನೆಂಟಕ್ಕೆ ಹೋದರೆ ತನ್ನ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧ ಕಳೆದುಕೊಂಡಿರುತ್ತದೆ. ಲೇಹ್‌ನಂಥ ಕಡೆ, ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ, ಗಾಳಿಯೇ ಮೂರನೇ ಒಂದು ಪಾಲು ತೆಳು. ಎಲ್ಲ ಕಷ್ಟವೂ ಒಟ್ಟಿಗೇ ಬರುವುದೆಂದರೆ ಇದೇ.

ಅಪ್ಪನ ದಿನಚರಿ ಸಂಜೆಯೇ ಸುರುವಾಗುತ್ತಿತ್ತಂತೆ. ಗಾಡಿ ನಿಲ್ಲಿಸುವಾಗ ಮೂತಿ ಗಾಳಿಗೆ ಬೆನ್ನು ಮಾಡಿರಬೇಕು. ಬ್ಯಾಟರಿ ಎರಡೂ ಬಿಚ್ಚಿ, ಎದೆಗೆ ಅವುಚಿಕೊಂಡು ಒಳಗೆ ಒಯ್ದು ಬುಖಾರಿಯ ಸಮೀಪ ಇಡಬೇಕು. ‘ಕೂಸಿನಂಗ ಮಲಗಿಸ್ತಿದ್ವಿ’ ಎಂದ. ಒಲೆಗೆ ಅತಿ ಹತ್ತಿರವಲ್ಲ, ಅದೂ ಹೇಳಿದ. ರೇಡಿಯೇಟರಿನ ನೀರು ಇಳಿಸುವುದಿತ್ತು. ಆಮೇಲಾಮೇಲೆ ಕೂಲೆಂಟ್ ಬಂದು ಆ ಕಷ್ಟ ತಪ್ಪಿತು. ಕೆಲವು ರಾತ್ರಿ ಎರಡೆರಡು ತಾಸಿಗೆ ಎದ್ದು ಎಂಜಿನ್ ಓಡಿಸಿ ಮತ್ತೆ ಬಂದು ಮಲಗುವುದು.

ಕೈಪಿಡಿಯ ಲಾರಿಗೆ ಇದೆಲ್ಲ ಬೇಕಿಲ್ಲ. ಕೀಲಿ ತಿರುಗಿಸಿದರೆ ಗಾಳಿ ಕಾಯಿಸುವ ಹೀಟರ್ ಸುರುವಾಗುತ್ತದೆ, ಮುಂದೊಂದು ಹಳದಿ ದೀಪ ಹತ್ತುತ್ತದೆ. ಅದು ಹೋಗುವ ತನಕ ಕಾದು ಆಮೇಲೆ ಸ್ಟಾರ್ಟ್ ಮಾಡಬೇಕು. ಅವಸರ ಮಾಡಿದರೆ ಬ್ಯಾಟರಿ ದಂಡ, ಹಿಂದೆ ಬಿಳಿ ಹೊಗೆ. ‘ದೀಪ ಆರಿದ ಮೇಲೆ ಎಂಜಿನ್ ಚಾಲೂ ಮಾಡಿ’ ಎಂದು ಬರೆದು ಅಪ್ಪನಿಗೆ ಓದಿ ಹೇಳಿದೆ.

‘ದೀಪ ಆರಿತು ಅಂತ ಬರೀತಾರೇನವಾ? ಅದನ್ನ ಓದಾಂವ ಗಾಡಿ ಹೊಡ್ಯಾಕ ಕುಂತಿರ್ತಾನ.’

ನಮ್ಮ ಮನೆಯಲ್ಲಿ ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು ಹೊರಟವನಿಗೆ ದೀಪ ಆರಿದ ಸುದ್ದಿ ಬೇಡವೆಂಬುದು ನನಗೆ ಹೊಳೆಯಬೇಕಿತ್ತು. ‘ಶಾಂತವಾದ ಮೇಲೆ’ ಎಂದು ತಿದ್ದಿದೆ. ಅದು ಉಳಿಯುವುದಿಲ್ಲ ಅಂತ ಗೊತ್ತಿತ್ತು, ಉಳಿಯಲೂ ಇಲ್ಲ. ‘ಆಫ್ ಆದ ಮೇಲೆ’ ಆಗಿ ಮರಳಿ ಬಂತು. ಅದರ ಬಗ್ಗೆ ನನಗೆ ಜಗಳವಿಲ್ಲ.

ಜಗಳ ಇದ್ದದ್ದು ಮುಂದಿನ ಪುಟದ ಎಚ್ಚರಿಕೆಯ ಚೌಕದಲ್ಲಿ. ಅತಿ ಚಳಿಯಲ್ಲಿ ಬರಿಗೈಯಿಂದ ಲೋಹವನ್ನೋ ಇಂಧನವನ್ನೋ ಮುಟ್ಟಿದರೆ ‘ಹಿಮಕಡಿತ’ ಆಗಬಹುದು. ಈ ಪದ ಕಂಪನಿಯವರ ಪಾರಿಭಾಷಿಕ ಪಟ್ಟಿಯಲ್ಲೇ ಇತ್ತು. ಓದಿ, ಹಿಂಗಂದ್ರ ಗೊತ್ತಾಗತೈತೇನಪ್ಪಾ ಎಂದು ಕೇಳಿದೆ. ಆ ಕಡೆ ಸುಮ್ಮನಾಯಿತು. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

‘ನನ್ನ ಬೆರಳು ಆದದ್ದಲ್ಲ, ಅದು?’ ಎಂದ.

ಅಪ್ಪನ ಎಡಗೈಯ ಎರಡು ಬೆರಳ ತುದಿ ಮೊಂಡು. ಚರ್ಮ ಮಿರಿಮಿರಿ ಹೊಳೆಯುತ್ತದೆ. ಅದು ಸ್ಟೋವ್ ಸುಟ್ಟದ್ದು ಎಂದೇ ನಾವು ಅಕ್ಕ ತಂಗಿ ನಂಬಿ ಬೆಳೆದದ್ದು. ಅವನು ಜಳಕಕ್ಕೆ ಹೋಗುವ ಮುಂಚೆ ಅವ್ವ ಬಕೆಟ್ಟಿನಲ್ಲಿ ಕೈ ಅದ್ದಿ ನೋಡುತ್ತಿದ್ದಳು. ಗಂಡನ ಸೇವೆ ಅಂತ ಕಾಲೇಜು ದಿನಗಳಲ್ಲಿ ನನಗೆ ಅದರ ಮೇಲೆ ಸಿಟ್ಟೂ ಇತ್ತು. ಆ ಬೆರಳುಗಳಿಗೆ ಬಿಸಿ ತಿಳಿಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

2001ರ ಜನವರಿ. ನಸುಕಿನಲ್ಲಿ ಗಾಡಿ ಹೊರಡಬೇಕು, ಫಿಲ್ಟರ್ ಕಟ್ಟಿದೆ. ಜೊತೆಯವನು ಟ್ಯಾಂಕಿನ ಕೆಳಗೆ ಬೆಂಕಿ ಹಾಕೋಣ ಎಂದ. ಹಾಕುವವರಿದ್ದರು. ಅಪ್ಪ ಬೇಡವೆಂದು ಫಿಲ್ಟರ್ ಬಿಚ್ಚಲು ಕೂತ. ಗವಸು ಹಾಕಿಕೊಂಡರೆ ಬೋಲ್ಟ್ ಹಿಡಿತಕ್ಕೆ ಸಿಗಲಿಲ್ಲ, ತೆಗೆದ. ಡೀಸೆಲ್ ಕೈಮೇಲೆ ಸುರಿಯಿತು. ನೀರಾಗಿದ್ದರೆ ಯಾವತ್ತೋ ಗಡ್ಡೆಯಾಗಿರುತ್ತಿತ್ತು. ಚಿಮಣಿ ಎಣ್ಣೆ ಬೆರೆತ ಡೀಸೆಲ್ ಹೊರಗಿನಷ್ಟೇ ತಣ್ಣಗಿದ್ದೂ ಹರಿಯುತ್ತದೆ, ಹರಿದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ‘ಮೊದಲ ಉರೀತು. ಆಮ್ಯಾಲ ಏನೂ ಅನಸಲಿಲ್ಲ. ಅನಸಲಿಲ್ಲಂತ ಕೆಲಸ ಮುಗಿಸೇ ಎದ್ದೆ.’

ಗಾಡಿ ಚಾಲೂ ಆಯಿತೇ ಎಂದು ಕೇಳಿದೆ. ಬೇರೆ ಏನು ಕೇಳಬೇಕೆಂದು ತಿಳಿಯಲಿಲ್ಲ.

‘ಆತು. ಮೂರನೇ ಸಲಕ್ಕ.’

ಸ್ಟೋವ್ ಅಂತ ಯಾಕೆ ಹೇಳಿದ್ದು? ಅದಕ್ಕವನು ಕೊಟ್ಟ ಉತ್ತರ ನನ್ನ ಓದಿಗೆ ಸಂಬಂಧಿಸಿದ್ದು. ರಜೆಗೆ ಬಂದಾಗ ಊರಲ್ಲಿ ಎಲ್ಲರೂ ಕೇಳಿದರಂತೆ. ಚಳಿಗೆ ಬೆರಳು ಹೋಯಿತು ಎಂದರೆ ನಕ್ಕರಂತೆ. ಥಂಡಿಗೆ ಯಾರದಾದರೂ ಬೆರಳು ಸುಡುತ್ತದೆಯೇ? ಎರಡು ಸಲ ಬಿಡಿಸಿ ಹೇಳಿ ನೋಡಿ, ಮೂರನೆಯವನಿಗೆ ಸ್ಟೋವ್ ಎಂದು ಮುಗಿಸಿದ.

ಆ ರಾತ್ರಿ ಚೌಕದೊಳಗಿಂದ ‘ಹಿಮಕಡಿತ’ ತೆಗೆದೆ. ಹಿಮ ಬಂದು ಕಡಿಯುವುದಿಲ್ಲ, ಆ ದಿನ ಅಪ್ಪನ ಕೈಗೆ ಹಿಮ ತಾಗಿಯೇ ಇರಲಿಲ್ಲ. ‘ಬರಿಗೈಗೆ ತಣ್ಣನೆಯ ಡೀಸೆಲ್ ತಾಗಿದರೆ ಬೆಂಕಿಯಂತೆ ಚರ್ಮ ಸುಡುತ್ತದೆ, ಆಮೇಲೆ ಮರಗಟ್ಟಿ ನೋವು ತಿಳಿಯುವುದಿಲ್ಲ. ನೋವಿಲ್ಲವೆಂದು ಕೆಲಸ ಮುಂದುವರಿಸಬೇಡಿ. ಕೈಗವಸು ಹಾಕಿಕೊಳ್ಳಿ’ ಎಂದು ಬರೆದೆ. ಮೂಲದಲ್ಲಿ ಇಷ್ಟಿಲ್ಲ, ಸೇರಿಸುವ ಅಧಿಕಾರ ಅನುವಾದಕಿಗಿಲ್ಲ ಎಂದು ಮೇಲ್ ಬಂತು. ಚೌಕದಲ್ಲಿ ಜಾಗವೂ ಇಲ್ಲವಂತೆ. ಅವರು ಹೇಳಿದ್ದು ತಪ್ಪಲ್ಲ. ಬೇರೆಯವರ ಅನುವಾದ ತಿದ್ದಲು ಕೂತಾಗ ನಾನೂ ಹಾಗೇ ಹೇಳುತ್ತೇನೆ. ಆದರೂ ಅಕ್ಷರ ಸಣ್ಣ ಮಾಡಿದರೆ ಹಿಡಿಸುತ್ತದೆ ಎಂದು ಮೂರು ಸಲ ಬರೆದೆ. ಕಡೆಗೆ ಒಪ್ಪಿದರು.

ಆ ಪುಟದ ಚಿತ್ರ ತೆಗೆದು ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಹೊಗಳುತ್ತಾನೆ ಎಂದುಕೊಂಡಿದ್ದೆ. ಅರ್ಧ ತಾಸಿನ ನಂತರ ಧ್ವನಿ ಸಂದೇಶ ಬಂತು:

‘ಕೈಗವಸು ಅಂದ್ರ ಯಾವುದವಾ? ಉಲ್ಲನ್‌ದ್ದೇನು? ಉಲ್ಲನ್ ಡೀಸೆಲ್ ಕುಡಕೊಂಡು ಕುಂದರ್ತೈತಿ, ಬರಿಗೈಗಿಂತ ಕೆಟ್ಟ ಅದು. ರಬ್ಬರಿಂದು ಅಂತ ಬರಿ.’

ಅವತ್ತು ಶುಕ್ರವಾರ. ಫೈಲು ಆಗಲೇ ಅಚ್ಚಿಗೆ ಹೋಗಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಒಂದು ಪದ ಸೇರಿಸಬೇಕು, ಅದಕ್ಕೆ ದುಡ್ಡು ಬೇಡ, ಎಂದು ಮತ್ತೆ ಮೇಲ್ ಬರೆದೆ.