ಆ ಹದಿನಾರು ಇಂಚು

ಅಮೆರಿಕದಲ್ಲಿ ಫಿಫ್ತ್‌ವೀಲ್ ಎಂಬ ಮನೆ ಟ್ರೇಲರ್ ಎಳೆಯುವ ಪಿಕಪ್ ಟ್ರಕ್ಕಿನ ವಿಷಯದಲ್ಲಿ ಒಂದು ಕಾಲಕ್ಕೆ ಚರ್ಚೆಯೇ ಇರಲಿಲ್ಲ. ಹಿಂದಿನ ಬೆಡ್, ಅಂದರೆ ಸಾಮಾನು ಹೇರುವ ತೊಟ್ಟಿ, 8 ಅಡಿ ಇರಲೇಬೇಕು. 1980ರ ದಶಕದಲ್ಲಿ ಡೀಲರುಗಳ ಅಂಗಳದಲ್ಲಿ ಸಾಲಾಗಿ ಕಾಣುತ್ತಿದ್ದದ್ದೂ ಅಂಥವೇ: ಮುಂದೆ ಒಂದೇ ಸಾಲು ಸೀಟಿನ ಗಿಡ್ಡ ಕ್ಯಾಬು, ಹಿಂದೆ 4 ಅಡಿ ಅಗಲ 8 ಅಡಿ ಉದ್ದದ ಪ್ಲೈವುಡ್ ಹಾಳೆಯನ್ನು ಮಲಗಿಸಿ ಬಾಗಿಲು ಮುಚ್ಚುವಷ್ಟು ಜಾಗ. ರೈತರು, ಬಡಗಿಗಳು, ಕಟ್ಟಡದ ಕೆಲಸದವರು ಕೊಳ್ಳುತ್ತಿದ್ದ ಗಾಡಿ ಅದು. ರಜೆ ಬಂದರೆ ಅದೇ ಗಾಡಿ ಟ್ರೇಲರ್ ಮನೆಯನ್ನೂ ಎಳೆಯುತ್ತಿತ್ತು. ಆಮೇಲೆ ನೋಡನೋಡುತ್ತಲೇ ಪಿಕಪ್ ಮನೆಮಂದಿಯ ಕಾರಾಯಿತು. ನಾಲ್ಕು ಬಾಗಿಲು ಬಂದವು, ಹಿಂದಿನ ಸೀಟಿನಲ್ಲಿ ದೊಡ್ಡವರು ಕಾಲು ಚಾಚಿ ಕೂರುವಂತಾಯಿತು, ಅದಕ್ಕೆ ಬೇಕಾದ ಜಾಗವನ್ನು ಬೆಡ್ಡಿನಿಂದ ಕತ್ತರಿಸಿಕೊಂಡರು. 2001ರ ಮಾದರಿಯಾಗಿ ಬಂದ ಫೋರ್ಡ್ ಎಫ್-150 ಸೂಪರ್‌ಕ್ರ್ಯೂದಲ್ಲಿ ಬೆಡ್ ಐದೂವರೆ ಅಡಿಗೆ ಇಳಿದಿತ್ತು. ಭಾರ ಎಳೆಯಲೆಂದೇ ಮಾಡಿದ ದೊಡ್ಡ ಟ್ರಕ್ಕುಗಳಲ್ಲೂ ಈಗ ಅಂಗಳ ತುಂಬಿರುವುದು ನಾಲ್ಕು ಬಾಗಿಲಿನ, ಆರೂವರೆ ಅಡಿ ಆಸುಪಾಸಿನ ಬೆಡ್ಡಿನ ಗಾಡಿಗಳೇ. ಈ ಬದಲಾವಣೆಯಿಂದ ಕುಟುಂಬಗಳಿಗೆ ಅನುಕೂಲವಾಯಿತು, ಸಂದೇಹವಿಲ್ಲ. ಆದರೆ ಟ್ರೇಲರ್ ಎಳೆಯುವ ಕೆಲಸಕ್ಕೆ ನಷ್ಟವಾಯಿತು. ದೊಡ್ಡ ಫಿಫ್ತ್‌ವೀಲನ್ನು ಮತ್ತೆ ಮತ್ತೆ ಎಳೆಯುವವರು ಇಂದಿಗೂ 8 ಅಡಿಯನ್ನೇ ಆರಿಸಿಕೊಳ್ಳುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಜೋಡಣೆಯಲ್ಲೇ ಇದೆ. ಸಾಧಾರಣ ಟ್ರೇಲರನ್ನು ಬಂಪರಿನ ಹಿಂದಿರುವ ಉಕ್ಕಿನ ಗುಂಡಿಗೆ ಸಿಕ್ಕಿಸುತ್ತಾರೆ. ಫಿಫ್ತ್‌ವೀಲಿನ ಮೂತಿಯಾದರೋ ಬೆಡ್ಡಿನ ಮೇಲೇ ಚಾಚಿಕೊಂಡು ಬರುತ್ತದೆ. ಅದರ ಕೆಳಗೆ ಇಳಿಬಿದ್ದ ಕಿಂಗ್‌ಪಿನ್ನನ್ನು ಬೆಡ್ಡಿನೊಳಗಿನ ಹಿಚ್ಚಿನ ದವಡೆ ಕಚ್ಚಿ ಹಿಡಿಯುತ್ತದೆ. ನಮ್ಮ ಹೆದ್ದಾರಿಗಳ ಕಂಟೇನರ್ ಲಾರಿಗಳದ್ದೂ ಇದೇ ಏರ್ಪಾಡು. ಟ್ರೇಲರಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಈ ಪಿನ್ನಿನ ಮೇಲೆ ಬೀಳುತ್ತದೆ, ಅಂದರೆ 12,000 ಪೌಂಡಿನ ಟ್ರೇಲರಿಗೆ 2,400 ಪೌಂಡ್. ಆ ಭಾರ ಹಿಂದಿನ ಆ್ಯಕ್ಸಲಿನ ನೇರಕ್ಕೋ ಒಂದೆರಡು ಇಂಚು ಮುಂದಕ್ಕೋ ಕೂರಬೇಕು. ಹಿಂಭಾರವಾದ ಎತ್ತಿನ ಗಾಡಿಯಲ್ಲಿ ನೊಗ ಮೇಲೇಳುವ ಹಾಗೆ, ಭಾರ ಆ್ಯಕ್ಸಲಿನಿಂದ ಹಿಂದೆ ಸರಿದರೆ ಟ್ರಕ್ಕಿನ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗಿನ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಪಿನ್ನಿನ ಜಾಗ ಮೊದಲೇ ಗೊತ್ತಾದದ್ದು. ಅಲ್ಲಿಂದ ಕ್ಯಾಬಿನ ಬೆನ್ನಿಗೆ ಎಷ್ಟು ದೂರ ಎಂಬುದೇ ನಿಜವಾದ ಪ್ರಶ್ನೆ. ನಾಲ್ಕು ಬಾಗಿಲಿನ ಫೋರ್ಡ್ ಸೂಪರ್ ಡ್ಯೂಟಿಯನ್ನೇ ತೆಗೆದುಕೊಳ್ಳಿ. ಉದ್ದ ಬೆಡ್ಡಿನದರ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆ್ಯಕ್ಸಲುಗಳ ನಡುವಿನ ದೂರ, ಸುಮಾರು 176 ಇಂಚು, ಗಿಡ್ಡದ್ದು 160. ಕತ್ತರಿಸಿದ 16 ಇಂಚೂ ಹೋದದ್ದು ಆ್ಯಕ್ಸಲ್ ಮತ್ತು ಕ್ಯಾಬಿನ ನಡುವಿನಿಂದಲೇ: ಅಲ್ಲಿ 56 ಇಂಚಿನಷ್ಟು ಇದ್ದದ್ದು ಇಲ್ಲಿ 40. ಅತ್ತ, 1982ರ ಫೆಡರಲ್ ಕಾನೂನು ಲಾರಿಗಳಿಗೆ 102 ಇಂಚು ಅಗಲಕ್ಕೆ ದಾರಿ ಮಾಡಿಕೊಟ್ಟ ಮೇಲೆ ಮನೆ ಟ್ರೇಲರುಗಳೂ 96 ಇಂಚು ದಾಟಿ ಹಿಗ್ಗಿದವು. 102ರ ಅರ್ಧ 51. ಟ್ರೇಲರಿನ ಮೂತಿ ಪಿನ್ನಿಗಿಂತ 20 ಇಂಚು ಮುಂದಿದ್ದು ಮೂಲೆಗಳು ಚೌಕವಾಗಿದ್ದರೆ, ಪಿನ್ನಿನಿಂದ ಮೂಲೆಗೆ ಸುಮಾರು 55 ಇಂಚು. ಪಿನ್ನು ಆ್ಯಕ್ಸಲಿನ ನೇರಕ್ಕೇ ಇದ್ದರೆ, ಉದ್ದ ಬೆಡ್ಡಿನಲ್ಲಿ ಆ ಮೂಲೆ ಕ್ಯಾಬನ್ನು ಕೂದಲೆಳೆಯಲ್ಲಿ ದಾಟಿ ಹೋಗುತ್ತದೆ. ಗಿಡ್ಡ ಬೆಡ್ಡಿನಲ್ಲಿ, ತಿರುವು ಪೂರ್ತಿಯಾಗುವ ಮೊದಲೇ, ಹಿಂಗಾಜಿನ ಪಕ್ಕದ ತಗಡನ್ನು ಒಳಕ್ಕೆ ಮಡಚಿ ಗಾಜನ್ನು ಪುಡಿ ಮಾಡುತ್ತದೆ.

ಉದ್ಯಮ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಲೇಬೇಕು. ಮೊದಲು ಬಂದದ್ದು ಹಳಿಯ ಮೇಲೆ ಜಾರುವ ಹಿಚ್ಚು. ಕಡಿದಾದ ತಿರುವಿಗೆ ಮುಂಚೆ ಕೆಳಗಿಳಿದು ಲಿವರ್ ಎಳೆಯಬೇಕು, ಟ್ರೇಲರಿನ ಬ್ರೇಕ್ ಬಿಗಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಬಿಡಬೇಕು. ಹಿಚ್ಚು ಹಿಂದಕ್ಕೆ ಜಾರಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಹಿಮ್ಮುಖ ಬಂದು ಮತ್ತೆ ಮುಂದಕ್ಕೆ ಕೂರಿಸಿ ಬೀಗ ಬಿದ್ದಿದೆಯೇ ನೋಡಿಕೊಳ್ಳಬೇಕು. ಹೊಸದರಲ್ಲಿ ಇದು ಸಲೀಸು. ದೂಳು ಗ್ರೀಸಿನೊಡನೆ ಕಲೆತು ಹಳಿಯಲ್ಲಿ ಕರ್ರಗೆ ಕಟ್ಟಿಕೊಂಡ ಮೇಲೆ, ಪಿನ್ನಿನ ಎಳೆತವೂ ಸೇರಿದರೆ, ಲಿವರ್ ಜಪ್ಪಯ್ಯ ಅನ್ನುವುದಿಲ್ಲ. ಟ್ರಕ್ಕನ್ನು ಗೇಣುದ್ದ ಹಿಂದೆ ಮುಂದೆ ಅಲುಗಿಸಿ ಬಿಡಿಸಿಕೊಳ್ಳಬೇಕು. ತಿರುವಿಗೆ ತಕ್ಕಂತೆ ತಾನಾಗಿ ಜಾರುವ ಪುಲ್‌ರೈಟ್ ಸೂಪರ್‌ಗ್ಲೈಡಿನಂಥವು ಈ ಪಾಡನ್ನು ತಪ್ಪಿಸಿದವು, ಆದರೆ ಬೆಲೆಯೂ ತೂಕವೂ ಹೆಚ್ಚು. ಆ ತೂಕವನ್ನೂ ಟ್ರಕ್ಕೇ ಹೊರಬೇಕಲ್ಲ! ರೀಸ್ ಸೈಡ್‌ವೈಂಡರ್ ಇನ್ನೊಂದು ದಾರಿ ಹಿಡಿದು, ತಿರುಗುವ ಬಿಂದುವನ್ನೇ ಟ್ರೇಲರಿನ ಕಡೆಗೆ ಹಿಂದಕ್ಕೆ ಒಯ್ದಿತು. ಕೊನೆಗೆ ಟ್ರೇಲರ್ ಕಂಪನಿಗಳೇ ಮೂತಿಯ ಎರಡೂ ಮೂಲೆಗಳನ್ನು ಕೆತ್ತಿ ಒಳಸರಿಸಿದವು. ಒಂದು ಅಳತೆ ಕುಗ್ಗಿದ್ದಕ್ಕೆ ಎಷ್ಟು ಕಡೆ ತೇಪೆ ಹಾಕಬೇಕಾಯಿತು ನೋಡಿ. ಖರ್ಚೂ ಎಚ್ಚರವೂ ಬಿದ್ದದ್ದು ಎಳೆಯುವವರ ತಲೆಗೆ.

ಕಡಿದಾದ ತಿರುವು ಎಷ್ಟು ಸಲ ಬಂದೀತು ಎಂದು ಕೇಳುವವರಿದ್ದಾರೆ. ಹೆದ್ದಾರಿಯಲ್ಲಿ ಬರುವುದೇ ಇಲ್ಲ, ನಿಜ. ಬರುವುದು ಸಂಜೆಗತ್ತಲಲ್ಲಿ, ಮರಗಳ ನಡುವಿನ ತಂಗುದಾಣಕ್ಕೆ ಟ್ರೇಲರನ್ನು ಹಿಮ್ಮುಖ ತುರುಕುವಾಗ. ಆಗ ಕಣ್ಣೆಲ್ಲ ಹಿಂದಿನ ಕೊಂಬೆ, ವಿದ್ಯುತ್ ಕಂಬಗಳ ಮೇಲೆ. ಹಿಚ್ಚನ್ನು ಜಾರಿಸುವುದು ಮರೆತುಹೋಗುವುದೂ ಆಗಲೇ. ಮೂತಿ ಕೆತ್ತಿದ ಹೊಸ ಟ್ರೇಲರ್ ಕೊಂಡರಾಯಿತಲ್ಲ ಎಂಬ ಮಾತಿಗೆ ಹೆಚ್ಚು ಬಲವಿದೆ. ಆದರೂ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಚೌಕ ಮೂತಿಯವೂ ಸಿಗುತ್ತವೆ, ಟ್ರಕ್ಕು ಉಳಿದು ಟ್ರೇಲರ್ ಬದಲಾಗುವುದೂ ಉಂಟು. ಅತಿ ಗಟ್ಟಿ ಆಕ್ಷೇಪ ಊರೊಳಗಿನ ಓಡಾಟದ್ದು. ಉದ್ದ ಬೆಡ್ಡಿನ ಸೂಪರ್ ಡ್ಯೂಟಿ 22 ಅಡಿ ದಾಟುತ್ತದೆ, ತಿರುಗಿಸಲು ಅಗಲ ರಸ್ತೆ ಬೇಡುತ್ತದೆ. ದಿನವೂ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಅದು ಕಿರಿಕಿರಿಯೇ. ಆದರೆ ಗಿಡ್ಡದ್ದೂ 20 ಅಡಿ 10 ಇಂಚು! ಒಳಗೆ 20 ಅಡಿ ಇರುವ ಗ್ಯಾರೇಜಿಗೆ ಎರಡೂ ಹಿಡಿಸುವುದಿಲ್ಲ. ಹಾಗಿರುವಾಗ 16 ಇಂಚು ಉಳಿಸಿ ಗಳಿಸಿದ್ದು ಸ್ವಲ್ಪವೇ. ಅತ್ತ ಉದ್ದ ವೀಲ್‌ಬೇಸ್ ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ, ಹಿಚ್ಚಿನ ಮುಂದೆ ಉಪಕರಣದ ಪೆಟ್ಟಿಗೆಗೋ ಹೆಚ್ಚುವರಿ ಡೀಸೆಲ್ ಟ್ಯಾಂಕಿಗೋ ಜಾಗ ಬಿಡುತ್ತದೆ.

ವರ್ಷಕ್ಕೊಮ್ಮೆ ಸಣ್ಣ ಟ್ರೇಲರನ್ನು ಹತ್ತಿರದ ಕೆರೆದಂಡೆಗೆ ಒಯ್ಯುವವರು ಗಿಡ್ಡ ಬೆಡ್ಡನ್ನೇ ಕೊಳ್ಳಲಿ, ಜೊತೆಗೆ ಜಾರುವ ಹಿಚ್ಚಿನ ಬೆಲೆಯನ್ನೂ ತೂಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಯಾವುದನ್ನೇ ಕೊಳ್ಳಲಿ, ಜಾಹೀರಾತಿನ ಅಡಿಗಳನ್ನು ನೆಚ್ಚುವುದು ಬೇಡ. ಟೇಪ್ ಹಿಡಿದು ಹಿಂದಿನ ಚಕ್ರದ ನಡುವಿನಿಂದ ಕ್ಯಾಬಿನ ಬೆನ್ನಿಗೆ ಒಮ್ಮೆ, ಟ್ರೇಲರಿನ ಕಿಂಗ್‌ಪಿನ್ನಿನಿಂದ ಮೂತಿಯ ಮೂಲೆಗೆ ಒಮ್ಮೆ ಅಳೆಯಬೇಕು. ಹಿಚ್ಚು ಆ್ಯಕ್ಸಲಿಗಿಂತ ಎಷ್ಟು ಮುಂದೆ ಕೂರುತ್ತದೋ ಅಷ್ಟನ್ನು ಮೊದಲ ಅಳತೆಯಿಂದ ಕಳೆಯಬೇಕು. ಎರಡನೆಯದೇ ದೊಡ್ಡದಾಗಿ ಬಂದರೆ ಡೀಲರ್ ಎಷ್ಟೇ ಭರವಸೆ ಕೊಟ್ಟರೂ ಅಂದೇ ಮುಂಗಡ ಕೊಡಬಾರದು.